ಕೈ ಎತ್ತದ ಹೆಣ್ಣುಮಗಳು

ತೆಲಂಗಾಣ ಚಳವಳಿಯ ದಿನಗಳಲ್ಲಿ ಜಹೀರಾಬಾದಿನಿಂದ ತಾಂಡೂರಿಗೆ ಹೊರಟ ನಮ್ಮ ಬಸ್ಸನ್ನು ಕೊಹೀರಿನ ಹತ್ತಿರ ಹುಡುಗರು ತಡೆದರು. ಎಲ್ಲರೂ ಕೈ ಎತ್ತಿ ‘ಜೈ ತೆಲಂಗಾಣ’ ಅಂದರೆ ಮಾತ್ರ ಬಸ್ಸು ಬಿಡುವುದು ಅವರ ನಿಯಮ. ನಿಯಮವೆಂದರೆ ನಿಯಮ, ನಾನೂ ಎತ್ತಿದೆ. ಪಕ್ಕದ ಸೀಟಿನ ಹೆಣ್ಣುಮಗಳೊಬ್ಬಳು ಜೈ ಅಂದಳೇ ಹೊರತು ಎದೆಗೆ ಹಿಡಿದ ದಿಂಬು ಬಿಡಲಿಲ್ಲ.

“ಕೈ ಎತ್ತಕ್ಕಾ, ತೆಲಂಗಾಣ ಬ್ಯಾಡೇನು?” ಬಸ್ಸು ಹತ್ತಿದ್ದ ಹುಡುಗರ ಮುಖಂಡ ಅವಳ ತೋಳು ಹಿಡಿಯಲು ಬಂದ.

“ಮುಟ್ಟಬ್ಯಾಡ ತಮ್ಮಾ. ಎದಿ ದೊಡ್ಡದು ಮಾಡೋ ಆಪರೇಷನ್ ಮಾಡಿಸ್ಕೊಂಡೀನಿ. ನರ ಇನ್ನಾ ಚುರ್ ಚುರ್ ಅಂತಾವ, ಸೆರಗು ತಾಗಿದ್ರೂ ಕರೆಂಟ್ ಹೊಡದಂಗ ಆಗ್ತದ.”

ಇಂಥದ್ದನ್ನು ಡಾಕ್ಟರ ಮುಂದೆಯೂ ಪಿಸುಗುಡುವ ಜನ ನಾವು. ಮುಖಂಡ ಚಾಚಿದ ಕೈ ಹಿಂದಕ್ಕೆ ಎಳೆದುಕೊಂಡ.

ಹಿಂದಿನಿಂದ ಮುದುಕಿಯೊಬ್ಬಳು ಗೊಣಗಿದಳು: “ಯಾಕ ಬೇಕಾಗಿತ್ತವ್ವಾ ಇದು?”

“ನನಗ ಬೇಕಾಗಿತ್ತು ಆಯಿ. ಇವರಿಗಿ ತೆಲಂಗಾಣ ಯಾಕ ಬೇಕಂತ ನಾ ಕೇಳೀನೇನು?”

ಮುಖಂಡನಿಗೆ ನಾಚಿಕೆಯಾಗಿ, ಆಮೇಲೆ ನಗು ಬಂತು. “ಬಿಡ್ರೋ ಬಸ್ಸು! ಡ್ರೈವರ್ ಸಾಬ್, ತಗ್ಗು ನೋಡಿ ಹಗೂರ ಹೋಗ್ರಿ, ಅಕ್ಕಗ ಕುಲುಕಬಾರ್ದು.”

ಅಷ್ಟು ನೆಟ್ಟಗೆ ಮಾತಾಡಿದವರನ್ನು ನಾನು ಕಂಡದ್ದು ಕಡಿಮೆ. ಡ್ರೈವರ್ ತಾಂಡೂರಿನವರೆಗೂ ಎತ್ತಿನ ಬಂಡಿಯಂತೆ ಓಡಿಸಿದ, ನನಗೆ ಕೆಲಸಕ್ಕೆ ತಡವಾಯಿತು. ದಿನಾ ಅದೇ ಬಸ್ಸಿನಲ್ಲಿ ಹೋಗುತ್ತಾ, ಅತಿವೇಗಕ್ಕಾಗಿ ಅವನ ಮೇಲೆ ಎಷ್ಟೋ ಸಲ ದೂರು ಕೊಟ್ಟವನು ನಾನು. ನಿಧಾನಕ್ಕಾಗಿ ಕೊಡಲು ಮನಸ್ಸಾಗಲಿಲ್ಲ.