ಎಲ್ಲರೂ ಒಪ್ಪಿದ್ದ ಅರ್ಜಿ

ಕಳೆದ ಮಂಗಳವಾರ ನಾಲ್ವರು ಪ್ರೊಫೆಸರ್‌ಗಳನ್ನು ಒಂದು ವ್ಯಾನಿಗೆ ಹತ್ತಿಸಿ, ಬಾಗಿಲು ಎಳೆದು, ಕತಾರಿನ ಇನ್ನೊಂದು ತುದಿಯ ದುಖಾನ್ ಊರಿನ ರಸ್ತೆ ಹಿಡಿಸಿದೆ. ಅಪಹರಣ ಅನ್ನಬೇಡಿ. ಆಫೀಸಿನ ಭಾಷೆಯಲ್ಲಿ ಇದಕ್ಕೆ 'ಅವೇ ಡೇ' ಎಂದು ಹೆಸರು. ವರ್ಷಕ್ಕೊಮ್ಮೆ ದೊಡ್ಡವರೆಲ್ಲ ಆಫೀಸು ಬಿಟ್ಟು ದೂರ ಹೋಗಿ, ಇಡೀ ದಿನ ಆಫೀಸಿನ ಬಗ್ಗೆಯೇ ಮಾತಾಡಿ ಬರುವುದು.

ನನ್ನ ಕೆಲಸ ಈ ಅಂಕಣ ಓದುವ ನಿಮ್ಮಲ್ಲಿ ಹಲವರಿಗೆ ಗೊತ್ತು. ಹೊಸಬರಿಗಾಗಿ ಹೇಳುತ್ತೇನೆ: ದೋಹಾದ ಒಂದು ಯೂನಿವರ್ಸಿಟಿ ಇನ್ನೆರಡರ ಜೊತೆ ಸೇರಿ, ಸಮಾಜ ವಿಜ್ಞಾನದಲ್ಲಿ ಪಿಎಚ್‌ಡಿ ಮಾಡುವವರಿಗೆ ತರಬೇತಿ ಕೊಡುವ ಒಂದು ಒಕ್ಕೂಟ ನಡೆಸುತ್ತಿದೆ. ನಾನು ಅದರ ಕೋಆರ್ಡಿನೇಟರ್. ಅಂದರೆ ಮೇಲ್ ಬಂದರೆ ಮುಂದಕ್ಕೆ ಕಳಿಸುವವಳು, ಮೀಟಿಂಗ್ ಆದರೆ ಬರೆದುಕೊಳ್ಳುವವಳು, ಪ್ರಿಂಟರ್‌ನಲ್ಲಿ ಕಾಗದ ಸಿಕ್ಕಿಕೊಂಡರೆ ಎಳೆಯುವವಳು.

ಒಕ್ಕೂಟದ ಚುಕ್ಕಾಣಿ ನಾಲ್ವರ ಕೈಯಲ್ಲಿದೆ. ಡೈರೆಕ್ಟರ್ ಮೇಡಂ ಸ್ಕಾಟ್ಲೆಂಡಿನವರು. ಡೆಪ್ಯುಟಿ ಡೈರೆಕ್ಟರ್ ಈಜಿಪ್ಟಿನವರು. ತರಬೇತಿ ನೋಡಿಕೊಳ್ಳುವವರು ತ್ರಿಶ್ಶೂರಿನ ಡಾಕ್ಟರು (ಗಲ್ಫಿನಲ್ಲಿ ನಾಲ್ವರು ಸೇರಿದ ಕಡೆ ಒಬ್ಬ ಮಲಯಾಳಿ ಇಲ್ಲದೆ ಹೇಗೆ?). ವಿದ್ಯಾರ್ಥಿಗಳ ಯೋಗಕ್ಷೇಮಕ್ಕೆ ಇಲ್ಲಿಯವರೇ ಆದ ಕತಾರಿ ಮೇಡಂ ಇದ್ದಾರೆ. ನಾಲ್ವರೂ ಒಳ್ಳೆಯವರು. ಅವರು ಓದಿಬಿಟ್ಟಾರು ಎಂಬ ಭಯಕ್ಕೆ ಹೀಗೆ ಬರೆಯುತ್ತಿಲ್ಲ. (ಅವರಿಗೆ ಕನ್ನಡ ಬರುವುದಿಲ್ಲ.)

ಅಂದಹಾಗೆ, ಡೈರೆಕ್ಟರ್ ಮೇಡಂ ಜೀವಮಾನವಿಡೀ ಅಧ್ಯಯನ ಮಾಡಿದ ವಿಷಯ ಯಾವುದು ಗೊತ್ತೇ? ದೊಡ್ಡ ಸಂಸ್ಥೆಗಳಲ್ಲಿ ತೀರ್ಮಾನಗಳು ಹೇಗೆ ಆಗುತ್ತವೆ ಎಂಬುದು. ಅದರ ಮೇಲೆ ದಪ್ಪ ದಪ್ಪ ಪುಸ್ತಕಗಳನ್ನೂ ಬರೆದಿದ್ದಾರೆ.

ಈಗ ನಫೀಸಾಳ ವಿಷಯಕ್ಕೆ ಬರೋಣ. ಉಳ್ಳಾಲದ ಹುಡುಗಿ, ನಮ್ಮಲ್ಲಿ ಮೂರನೇ, ಅಂದರೆ ಕೊನೆಯ ವರ್ಷದ ಪಿಎಚ್‌ಡಿ. ದೋಹಾದ ಅಲ್ ಮುಂತಜಾ ಬಡಾವಣೆಯ ಹಳೇ ಕಟ್ಟಡಗಳನ್ನು ಕೆಡವಿದಾಗ ಅಲ್ಲಿದ್ದ ಟೈಲರ್‌ಗಳು, ಸಣ್ಣ ಅಂಗಡಿಯವರು ಎಲ್ಲಿಗೆ ಹೋಗುತ್ತಾರೆ ಎಂಬುದು ಅವಳ ಸಂಶೋಧನೆ. ಬಿಸಿಲಲ್ಲಿ ಗಲ್ಲಿ ಗಲ್ಲಿ ಸುತ್ತಿ, ಬೇರೆ ಯಾರಿಗೂ ಬಾಯಿ ಬಿಡದವರನ್ನೂ ಮಾತಾಡಿಸಿ ಬಂದವಳು. ಅಷ್ಟರಲ್ಲಿ ಅವಳ ಅಪ್ಪನಿಗೆ ಹಾರ್ಟ್ ಆಪರೇಷನ್ ಆಯಿತು. ನಾಲ್ಕು ತಿಂಗಳು ಊರಲ್ಲಿ ಅವರ ಪಕ್ಕ ಕೂತಳು. ವಾಪಸ್ ಬಂದು ಒಂದು ಅರ್ಜಿ ಹಾಕಿದಳು: ಕಳೆದುಹೋದ ಆ ನಾಲ್ಕು ತಿಂಗಳನ್ನು ಕೊನೆಯಲ್ಲಿ ಸೇರಿಸಿಕೊಡಿ.

ಇಷ್ಟೇ. ಆದರೆ ಒಪ್ಪಿಗೆಯ ಪತ್ರ ಸಿಗದಿದ್ದರೆ ಅವಳ ದಾಖಲಾತಿ ಮುಗಿಯುತ್ತದೆ. ದಾಖಲಾತಿ ಮುಗಿದರೆ ಆರ್‌ಪಿ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ಹೋಗುತ್ತದೆ. ಪಿಎಚ್‌ಡಿ ಅರ್ಧಕ್ಕೆ ನಿಲ್ಲುತ್ತದೆ.

ಅರ್ಜಿ ಮೊದಲು ಬಂದದ್ದು ನನ್ನ ಇನ್‌ಬಾಕ್ಸಿಗೆ, ಒಂದು ಭಾನುವಾರ ಬೆಳಿಗ್ಗೆ. ಎರಡೇ ನಿಮಿಷದಲ್ಲಿ ಡೈರೆಕ್ಟರ್ ಮೇಡಂಗೆ ಫಾರ್ವರ್ಡ್ ಮಾಡಿದೆ. (ನನ್ನ ಟೇಬಲ್ ಮೇಲೆ ಒಂದು ಕೆಲಸವೂ ಕೊಳೆಯುವುದಿಲ್ಲ ಎಂಬ ಜಂಬ ನನಗಿದೆ.) ಮೇಡಂ ಬರೆದರು: "ನನ್ನ ಸಂಪೂರ್ಣ ಬೆಂಬಲವಿದೆ. ಡೆಪ್ಯುಟಿ ಏನನ್ನುತ್ತಾರೆ?" ಡೆಪ್ಯುಟಿ ಬರೆದರು: "ನನ್ನ ಬಲವಾದ ಬೆಂಬಲವಿದೆ. ತರಬೇತಿಯ ದೃಷ್ಟಿಯಿಂದಲೂ ನೋಡಬೇಕಲ್ಲವೇ?" ತ್ರಿಶ್ಶೂರಿನ ಡಾಕ್ಟರು ತಮ್ಮದೂ ಒಪ್ಪಿಗೆ ಎಂದು ಬರೆದು ಅದನ್ನು ಕತಾರಿ ಮೇಡಂಗೆ ದಾಟಿಸಿದರು. ಅವರು ಆ ಹುಡುಗಿಗಾಗಿ ಮರುಗಿ ಎರಡು ಪ್ಯಾರಾ ಬರೆದು, ಮತ್ತೆ ಡೈರೆಕ್ಟರ್‌ಗೆ ಕಳಿಸಿದರು. ನಡುವೆ ಎರಡು ಮೀಟಿಂಗ್ ನಡೆದವು. ಇಂಥ ಅರ್ಜಿಗಳನ್ನು ಯಾರು ತೀರ್ಮಾನಿಸಬೇಕು ಎಂದು ಯೋಚಿಸಲು ಒಂದು ಉಪಸಮಿತಿ ಆಗಲಿ ಎಂದು ಒಂದು ಮೀಟಿಂಗಿನಲ್ಲಿ ತೀರ್ಮಾನವಾಯಿತು. ನಾನೇ ಬರೆದುಕೊಂಡೆ.

ಹನ್ನೊಂದು ವಾರ ಕಳೆಯಿತು.

ನಫೀಸಾ ವಾರ ವಾರ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು. "ಲವೀನಕ್ಕ, ಎಂತಾದ್ರೂ ಗೊತ್ತಾಯ್ತಾ?"

"ಮೇಲೆ ಉಂಟು, ಬರ್ತದೆ," ಎನ್ನುತ್ತಿದ್ದೆ.

"ಅಪ್ಪನಿಗೆ ಮತ್ತೆ ಹುಷಾರಿಲ್ಲ ಅಕ್ಕ. ಆರ್‌ಪಿ ಈ ತಿಂಗಳಿಗೆ ಖಲಾಸ್. ಈಗ ಊರಿಗೆ ಹೋದ್ರೆ ವಾಪಸ್ ಬರ್ಲಿಕ್ಕೆ ಆಗ್ತದಾ ಇಲ್ವಾ ಅಂತ ಯಾರೂ ಹೇಳುದಿಲ್ಲ. ಅವರು ದಿನಾ ಫೋನಲ್ಲಿ ಕೇಳ್ತಾರೆ, ಪೇಪರ್ ಆಯ್ತಾ ಮಗಾ ಅಂತ. ನಾನು ಎಂತ ಹೇಳುದು?"

ಅವಳು ಹೋದ ಮೇಲೆ ನಾಲ್ವರಿಗೂ 'ಜೆಂಟಲ್ ರಿಮೈಂಡರ್' ಕಳಿಸುತ್ತಿದ್ದೆ. ನಾಲ್ವರೂ ಥ್ಯಾಂಕ್ಸ್ ಹೇಳುತ್ತಿದ್ದರು.

ಹಾಗೆಂದು ಪ್ರೊಫೆಸರ್‌ಗಳನ್ನೇ ಆಡಿಕೊಳ್ಳುವುದು ಬೇಡ. ಓಲ್ಡ್ ಏರ್‌ಪೋರ್ಟ್ ಬಡಾವಣೆಯ ನಮ್ಮ ಬಿಲ್ಡಿಂಗಿನಲ್ಲಿ ಹೋದ ತಿಂಗಳು ಲಿಫ್ಟ್ ಕೆಟ್ಟಿತು. ನಾತೂರ್‌ಗೆ, ಅಂದರೆ ವಾಚ್‌ಮನ್‌ಗೆ, ಹೇಳಬೇಕು ಎಂದು ಯಾರೋ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದರು. ಸಾಲುಸಾಲಾಗಿ ಹೆಬ್ಬೆರಳುಗಳು ಬಿದ್ದವು. ನನ್ನದೂ ಬಿತ್ತು. ಮೂರು ದಿನ ಎಲ್ಲರೂ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿದೆವು. ನಾಲ್ಕನೇ ದಿನ ಐದನೇ ಮಹಡಿಯ ಗರ್ಭಿಣಿ ಕೆಳಗಿಳಿದು ಬಂದು ನಾತೂರ್‌ನ ಬಾಗಿಲು ತಟ್ಟಿದಳು. ಅವನಿಗೆ ಲಿಫ್ಟ್ ಕೆಟ್ಟದ್ದೇ ಗೊತ್ತಿರಲಿಲ್ಲ. ಅವನು ಗ್ರೂಪಿನಲ್ಲಿ ಇಲ್ಲವಂತೆ.

"ನಂದೇನೂ ಅಭ್ಯಂತರ ಇಲ್ಲ" ಅಂದುಬಿಟ್ಟರೆ ಅರ್ಧ ಕೆಲಸ ಮಾಡಿದ ಸಮಾಧಾನ ನಮಗೆ. ಮಿಕ್ಕ ಅರ್ಧ ಯಾರದ್ದು?

ಸರಿ, ವ್ಯಾನಿಗೆ ವಾಪಸ್. ಆ ದಿನ ನಾನೊಂದು ಉಪಾಯ ಮಾಡಿದ್ದೆ. ದುಖಾನ್ ದೂರ. ದಾರಿಯುದ್ದಕ್ಕೂ ಮರಳು, ಇಳಿದು ಹೋಗಲು ಜಾಗವಿಲ್ಲ. ನಾಲ್ವರೂ ಒಂದೇ ಕಡೆ ಕೈಗೆ ಸಿಗುವುದು ವರ್ಷದಲ್ಲಿ ಇದೊಂದೇ ದಿನ. ದೋಹಾದ ಕಟ್ಟಡಗಳು ಹಿಂದೆ ಸರಿಯುತ್ತಲೇ ನಫೀಸಾಳ ಫೈಲ್ ತೆಗೆದು ಡೈರೆಕ್ಟರ್ ಮೇಡಂ ಮಡಿಲಲ್ಲಿಟ್ಟೆ.

"ಇದು ಇವತ್ತು ಆಗಲೇಬೇಕು," ಅಂದೆ. ಧ್ವನಿ ಸ್ವಲ್ಪ ಜೋರಾಗಿಯೇ ಬಂತು.

ಮೇಡಂ ಕನ್ನಡಕ ಏರಿಸಿದರು. "ಇದಿನ್ನೂ ಆಗಿಲ್ಲವೇ? ನಾನು ಒಪ್ಪಿದ್ದೆನಲ್ಲ!"

"ನಾನೂ ಒಪ್ಪಿದ್ದೆ," ಎಂದರು ಡೆಪ್ಯುಟಿ.

"ನಾನು ಮೊದಲ ದಿನವೇ ಒಪ್ಪಿದ್ದೆ," ಎಂದರು ತ್ರಿಶ್ಶೂರಿನ ಡಾಕ್ಟರು.

ಕತಾರಿ ಮೇಡಂ ಮೂವರ ಮುಖವನ್ನೂ ನೋಡಿದರು. "ಹಾಗಾದರೆ ಬೇಡ ಎಂದವರು ಯಾರು?"

ಯಾರೂ ಇಲ್ಲ. ಹನ್ನೊಂದು ವಾರ ನಾಲ್ವರೂ ಹೌದು ಎನ್ನುತ್ತಲೇ ಇದ್ದರು. ತೀರ್ಮಾನ ಮಾಡುವವರು ಇನ್ನೊಬ್ಬರು ಎಂದು ಪ್ರತಿಯೊಬ್ಬರೂ ತಿಳಿದಿದ್ದರು. ನಾನು ಒಳಗೊಳಗೇ ನಗುತ್ತಿದ್ದೆ. ಇವತ್ತು ಸಿಕ್ಕಿಬಿದ್ದರಲ್ಲ! ಈ ವಾರದ ಅಂಕಣವೂ ಸಿಕ್ಕಿತು ಎಂದುಕೊಂಡೆ.

"ನಿಯಮ ಏನು ಹೇಳುತ್ತದೆ, ನೋಡೋಣ," ಎಂದು ಡೆಪ್ಯುಟಿ ಫೋನಿನಲ್ಲಿ ನಮ್ಮ ಕೈಪಿಡಿ ತೆರೆದು ಗಟ್ಟಿಯಾಗಿ ಓದಿದರು. ಕುಟುಂಬದವರ ಅನಾರೋಗ್ಯದ ಕಾರಣಕ್ಕೆ ಆರು ತಿಂಗಳವರೆಗಿನ ಹೆಚ್ಚುವರಿ ಅವಧಿಗೆ ಸಮಿತಿಯ ಅನುಮೋದನೆ ಬೇಕಾಗಿಲ್ಲ. ಕೋಆರ್ಡಿನೇಟರ್ ತಮ್ಮ ಸಹಿಯಲ್ಲಿ ಪತ್ರ ಕೊಟ್ಟು, ಡೈರೆಕ್ಟರ್‌ಗೆ ಒಂದು ಪ್ರತಿ ಕಳಿಸಿದರೆ ಸಾಕು.

ನಾಲ್ಕು ತಲೆಗಳು ನಿಧಾನವಾಗಿ ನನ್ನ ಕಡೆ ತಿರುಗಿದವು.

ಆ ಕೈಪಿಡಿಯನ್ನು ಟೈಪ್ ಮಾಡಿದವಳು ನಾನು. ಮಾರ್ಜಿನ್ ಸರಿ ಮಾಡಿದವಳು, ಪುಟಸಂಖ್ಯೆ ಹಾಕಿದವಳು, ಮುಖಪುಟದ ಬಣ್ಣ ಆರಿಸಿದವಳೂ ನಾನೇ. ಓದುವುದೊಂದು ಬಿಟ್ಟು ಎಲ್ಲ ಮಾಡಿದ್ದೆ. ನನಗೆ ಅಧಿಕಾರವೊಂದು ಇರಬಹುದು ಎಂಬ ಯೋಚನೆಯೇ ನನಗೆ ಬಂದಿರಲಿಲ್ಲ. ಅಧಿಕಾರವಿಲ್ಲ ಎಂದುಕೊಳ್ಳುವುದರಲ್ಲಿ ಎಷ್ಟು ಆರಾಮವಿತ್ತು ಎಂದು ಈಗ ಅನಿಸುತ್ತದೆ. ಮುಖ ಎಲ್ಲಿಡಲಿ ಎಂದು ತಿಳಿಯದೆ ಕಿಟಕಿಯ ಹೊರಗಿನ ಮರಳನ್ನು ಬಹಳ ಆಸಕ್ತಿಯಿಂದ ನೋಡಿದೆ. ಡೈರೆಕ್ಟರ್ ಮೇಡಂ ನನಗೆ ಒಂದು ಪೆಪ್ಪರ್‌ಮಿಂಟ್ ಕೊಟ್ಟರು. ಬೈದಿದ್ದರೆ ಒಳ್ಳೆಯದಿತ್ತು.

ಪತ್ರವನ್ನು ದುಖಾನ್ ತಲುಪುವ ಮೊದಲೇ ಲ್ಯಾಪ್‌ಟಾಪಿನಲ್ಲಿ ಬರೆದು ಮುಗಿಸಿದೆ. ನಾಲ್ಕು ಸಾಲು.

ಬುಧವಾರ ಬೆಳಿಗ್ಗೆ ನಫೀಸಾ ಓಡಿಕೊಂಡೇ ಬಂದಳು. ಪತ್ರ ಕೊಟ್ಟೆ. ನಿಂತಲ್ಲೇ ಓದಿದಳು, ಮತ್ತೆ ಓದಿದಳು, ಕಣ್ಣು ತುಂಬಿತು. ಫೋನ್ ತೆಗೆದು ಟಿಕೆಟ್ ನೋಡುತ್ತೇನೆ ಎಂದಳು. ಆಮೇಲೆ ಅವಳ ಬೆರಳು ಪತ್ರದ ಕೆಳಗೆ ನಿಂತಿತು.

"ಇದು ನಿಮ್ಮ ಸೈನ್ ಅಲ್ವಾ ಲವೀನಕ್ಕ?"

"ಹೌದು ಮಾರಾಯ್ತಿ."

"ನಿಮ್ಮ ಸೈನ್ ಆದ್ರೆ ಸಾಕಿತ್ತಾ? ಹಾಗಾದ್ರೆ ನಾನು ಇಷ್ಟು ದಿನ ಯಾರಿಗೆ ಕಾದದ್ದು?"

ಸಿಟ್ಟಿನಿಂದ ಕೇಳಿದ್ದಲ್ಲ. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದಳು. ಉತ್ತರಕ್ಕಾಗಿ ನನ್ನ ಮುಖವನ್ನೇ ನೋಡುತ್ತಾ ನಿಂತಳು.

ಹೇಳಿ, ಇದನ್ನು ನಾನೀಗ ಯಾರಿಗೆ ಫಾರ್ವರ್ಡ್ ಮಾಡಲಿ?