ಕರುಗಳಿಗೆ ಬರೆ ಹಾಕುವ ಶನಿವಾರ

ಅರ್ಲೀನ್ ಸ್ಟ್ರೌಡ್ ಕುದುರೆಯ ಮೇಲೆ ಕೂತು ಹಗ್ಗ ಬೀಸಿದರೆ ಕರುವಿನ ಹಿಂಗಾಲು ತಾನಾಗಿಯೇ ಬಂದು ಸಿಕ್ಕಿಕೊಳ್ಳುತ್ತಿತ್ತು. ಮೊಂಟಾನಾದ ನಮ್ಮ ಕಣಿವೆಯಲ್ಲಿ ಅಂಥ ಗುರಿಯ ಗಂಡಸು ಒಬ್ಬನೂ ಇರಲಿಲ್ಲ. ನಲವತ್ತು ವರ್ಷ ಅವಳ ನೆರೆಯವನಾಗಿದ್ದ ನಾನೇ ಹೇಳುತ್ತಿದ್ದೇನೆ, ನಂಬಿ. ಅವಳು ಮದುವೆಯಾಗಲಿಲ್ಲ. "ಗಂಡನ್ನ ಸಾಕೋ ಬದಲು ಇನ್ನೂ ನಾಲ್ಕು ಹಸು ಸಾಕ್ತೀನಿ" ಎನ್ನುತ್ತಿದ್ದಳು.

ಮೇ ತಿಂಗಳ ಎರಡನೇ ಶನಿವಾರ ಅವಳ ಕರುಗಳಿಗೆ ಕಾದ ಕಬ್ಬಿಣದಿಂದ ಗುರುತಿನ ಬರೆ ಹಾಕುವ ದಿನ. ಯಾರನ್ನೂ ಕರೆಯುವ ಪದ್ಧತಿಯಿಲ್ಲ, ಕೂಲಿಯೂ ಇಲ್ಲ. ಸುತ್ತಲಿನ ಆರು ಮನೆಯವರು ಕುದುರೆ ಸಮೇತ ಹೋಗುತ್ತಿದ್ದೆವು. ಮುಂದಿನ ಶನಿವಾರಗಳಲ್ಲಿ ಅವಳು ನಮ್ಮಲ್ಲಿಗೆ ಮುಯ್ಯಾಳಾಗಿ ಬರುತ್ತಿದ್ದಳು.

ಅವಳ ಅಣ್ಣ ತನ್ನ ಪಾಲು ಕೇಳಿದ. ಜಮೀನು ಒಡೆಯಬಾರದೆಂದು ಅರ್ಲೀನ್ ಭೂರಕ್ಷಣೆಯ ಸಂಘವೊಂದಕ್ಕೆ ಕಾಗದ ಬರೆದುಕೊಟ್ಟಳು. ಜಮೀನು ಅವಳದೇ, ದನ ಮೇಯಿಸಬಹುದು. ಆದರೆ ಅವಳಾಗಲಿ, ಮುಂದೆ ಕೊಂಡವರಾಗಲಿ ಎಂದೆಂದಿಗೂ ಅಲ್ಲಿ ಸೈಟು ಮಾಡುವಂತಿಲ್ಲ, ಮನೆ ಕಟ್ಟುವಂತಿಲ್ಲ. ಆ ಹಕ್ಕು ಬಿಟ್ಟುಕೊಟ್ಟದ್ದಕ್ಕೆ ಸಂಘ ಕೊಟ್ಟ ಹಣದಿಂದ ಅಣ್ಣನ ಬಾಯಿ ಮುಚ್ಚಿಸಿದಳು.

"ನಿನ್ನ ಕೈ ನೀನೇ ಕಟ್ಕೊಂಡೆಯಲ್ಲೇ" ಎಂದು ಛೇಡಿಸಿದೆ.

"ಸುಮ್ನಿರೋ ರಾಯ್. ನಾಳೆ ನೀವೆಲ್ಲ ನನ್ನ ಹಿಂದೇನೇ ಬಂದು ಸಹಿ ಹಾಕ್ತೀರ."

ನಾವು ಹಾಕಲಿಲ್ಲ. ದಲ್ಲಾಳಿಗಳು ಬಂದರು. ಅವಳ ಗುಡ್ಡದ ಮೇಲೆ ಇನ್ನೆಂದೂ ಒಂದು ಸೂರೂ ಏಳುವುದಿಲ್ಲವೆಂದು ಬರಹದಲ್ಲೇ ಇತ್ತಲ್ಲ, ಎದುರಿನ ನೋಟ ಎಂದಿಗೂ ಕೆಡುವುದಿಲ್ಲವೆಂದು ಅದನ್ನೇ ತೋರಿಸಿ ದೂರದ ಶ್ರೀಮಂತರನ್ನು ಕರೆತಂದರು. ಅವಳ ಜಮೀನಿನ ಬೆಲೆ ಅರ್ಧಕ್ಕಿಳಿದಿತ್ತು, ಎದುರಿನ ನಮ್ಮದು ಎರಡರಷ್ಟಾಯಿತು. ಮೊದಲು ಲಿಂಡ್‌ಕ್ವಿಸ್ಟ್ ಮನೆಯವರು ಮಾರಿದರು, ಆಮೇಲೆ ಒಬ್ಬರ ಹಿಂದೊಬ್ಬರು. ಕೊನೆಯವನು ನಾನು. ಮಂಡಿ ನೋವೆಂದು ಎಲ್ಲರಿಗೂ ನೆಪ ಹೇಳಿದೆ. ದುಡ್ಡು ಕಂಡು ಬಾಯಿಬಿಟ್ಟೆ, ಅಷ್ಟೇ.

ಮರುವರ್ಷದ ಆ ಶನಿವಾರ, ನಾನು ಹೋಗಿ ನೆಲೆಸಿದ್ದ ಪೇಟೆಯಿಂದ ಹೊರಟು ಅವಳಲ್ಲಿಗೆ ಹೋದೆ. ಒಲೆಯ ಮೇಲೆ ಇಪ್ಪತ್ತು ಜನಕ್ಕಾಗುವಷ್ಟು ಮಾಂಸ ಬೇಯುತ್ತಿತ್ತು.

"ಜಮೀನು ಮಾರಿದ್ರೇನು, ಬರದೇ ಇರ್ತಾರಾ?" ಎಂದಳು.

ಹನ್ನೊಂದಾಯಿತು. ಬೇರೆ ಯಾರೂ ಬರಲಿಲ್ಲ. ಕೊಟ್ಟಿಗೆಯ ಅಂಗಳದಲ್ಲಿ ನೂರನಲವತ್ತು ಕರುಗಳು ಅರಚುತ್ತಿದ್ದವು. ಅವಳು ಒಲೆಯ ಉರಿ ತಗ್ಗಿಸಿದಳು.

"ರಾಯ್, ನಿಂಗೆ ಎಷ್ಟು ಕೊಟ್ರು?"

ಹೇಳಿದೆ.

"ಅದ್ರಲ್ಲಿ ಅರ್ಧ ನನ್ನ ಗುಡ್ಡದ್ದು ಕಣೋ."

ದನಿಯಲ್ಲಿ ಕೋಪವಿರಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳ ಮುಖ ನೋಡಲು ನನಗೆ ನಾಚಿಕೆಯಾಯಿತು.

ಸಂಜೆಯವರೆಗೆ ಇಬ್ಬರೂ ಒದ್ದಾಡಿ ಇಪ್ಪತ್ತೆರಡು ಕರುಗಳಿಗೆ ಬರೆ ಹಾಕಿದೆವು. ಕೂಲಿಯಾಳು ತರೋಣವೆಂದರೆ, ಆಳುಗಳು ಇರಬಲ್ಲಂಥ ಅಗ್ಗದ ಮನೆ ಈಗ ಕಣಿವೆಯಲ್ಲಿ ಒಂದೂ ಉಳಿದಿಲ್ಲ. ಜೂನ್‌ನಲ್ಲಿ ಅವಳು ಲಾರಿ ಕರೆಸಿ ಹಿಂಡನ್ನೆಲ್ಲ ಮಾರಿಬಿಟ್ಟಳು. ಅಪ್ಪನ ಕಾಲದಿಂದ ಬಂದ ತಳಿ. ಆ ದಿನ ನನ್ನನ್ನು ಕರೆಯಲಿಲ್ಲ.

ಜುಲೈಯಲ್ಲಿ ಫೋನ್ ಮಾಡಿದಳು. ನನ್ನ ಜಮೀನು ಕೊಂಡು ಗಾಜಿನ ಮನೆ ಕಟ್ಟಿಸಿದ ಹೆಂಗಸು ಎರಡು ವಾರ ಇರಲು ಬಂದಿದ್ದಾಳಂತೆ. ಬೇಲಿಯ ಹತ್ತಿರ ಬಂದು ಅರ್ಲೀನಳನ್ನು ಕೇಳಿದಳಂತೆ: "ಹಸುಗಳೆಲ್ಲಿ ಹೋದ್ವು? ಅವನ್ನ ನೋಡ್ಕೊಂಡು ಕೂರೋಣ ಅಂತಾನೇ ನಾವು ಇಷ್ಟು ದುಡ್ಡು ಕೊಟ್ಟಿದ್ದು."

ಹೇಳುತ್ತ ಹೇಳುತ್ತ ಅರ್ಲೀನ್ ಬಿದ್ದು ಬಿದ್ದು ನಕ್ಕಳು. ನಗು ನಿಂತ ಮೇಲೂ ಫೋನ್ ಇಡಲಿಲ್ಲ.

"ಇನ್ನೂ ಸ್ವಲ್ಪ ಹೊತ್ತು ಏನಾದ್ರೂ ಮಾತಾಡೋ" ಎಂದಳು.