ಜೇವರ್ಗಿಯ ಅಂಗಳದಿಂದ ಕೂಗಿದ ಹೆಸರು

ಕಲಬುರಗಿಯಿಂದ ಬೆಳಗಿನ ಬಸ್ಸಿಗೆ ಆಳಂದಕ್ಕೆ ಹೊರಟಾಗ ಒಂದು ಕೈಯಲ್ಲಿ ಐಸ್ ತುಂಬಿದ ಪೆಟ್ಟಿಗೆ, ಇನ್ನೊಂದರಲ್ಲಿ ತಮ್ಮನ ಮಗಳಿಗೆಂದು ಕೊಂಡ ಕುಲಾವಿ ಟೊಪ್ಪಿಗೆ ಇತ್ತು. ಹೆಂಗಸರಿಗೆ ಪ್ರಯಾಣ ಪುಕ್ಕಟೆ. ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟು, ಪೆಟ್ಟಿಗೆ ನೋಡಿ, “ಇದರಾಗ ಏನದರಿ, ಕುಲ್ಫಿ ಏನು?” ಎಂದ. “ಸಣ್ಣ ಮಕ್ಕಳ ಸಿಂಬಳ ತರಾಕ ಹೊಂಟೇನ್ರಿ” ಎಂದೆ. ಆಮೇಲೆ ಆಳಂದ ಬರುವವರೆಗೂ, ಅಂದರೆ ನಲವತ್ತು ಕಿಲೋಮೀಟರು, ಅವನು ನನ್ನ ಸೀಟಿನತ್ತ ಸುಳಿಯಲಿಲ್ಲ.

ನಾನು ಪ್ರಯೋಗಾಲಯದಲ್ಲಿ ವೈರಸ್ಸುಗಳ ಜೀನು ಓದುವವಳು. ಎಳೆಗೂಸುಗಳ ಎದೆ ಹಿಡಿಯುವ ಆರ್‌ಎಸ್‌ವಿ ಎಂಬ ವೈರಸ್ಸು ನಮ್ಮ ಸೀಮೆಯಲ್ಲಿ ಎಷ್ಟು ಬದಲಾಗಿದೆ ಎಂದು ನೋಡಲು ಮೂರು ತಾಲೂಕಿನ ದವಾಖಾನೆ ಸುತ್ತಿ ಮಾದರಿ ತರಬೇಕಿತ್ತು. ಕೊನೆಯದು ಜೇವರ್ಗಿ, ನನ್ನ ತವರು. ಅಲ್ಲಿ ಸಂಜೆ ತಮ್ಮ ಶರಣುವಿನ ಮಗಳಿಗೆ ಹೆಸರಿಡುವ ಕಾರ್ಯ. ನಮ್ಮಲ್ಲಿ ಸೋದರತ್ತೆಯೇ ಕೂಸಿನ ಕಿವಿಗೆ ಬಾಯಿ ಹಚ್ಚಿ ‘ಕುರ್ರ್’ ಎಂದು ಹೆಸರು ಹೇಳಬೇಕು. ಹೇಳಿದ ಕೂಡಲೇ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಕೂಸು ದಿನ ತುಂಬುವ ಮೊದಲೇ ಹುಟ್ಟಿತ್ತು. ನನ್ನ ಕೆಲಸ ನೋಡಿಕೊಂಡು ಕಾರ್ಯವನ್ನು ಒಮ್ಮೆ ಮುಂದೆ ಹಾಕಿಯೂ ಇದ್ದರು.

ಆಳಂದದಲ್ಲಿ ಚಳಿಗಾಳಿ, ಅದರ ಜೊತೆ ತೊಗರಿಯ ಧೂಳು. ಮಾದರಿ ತೆಗೆದುಕೊಂಡು ಖಾನಾವಳಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ ತಿಂದೆ. ಗಂಟಲು ಕೆರೆಯುತ್ತಿತ್ತು. ಧೂಳು ಎಂದುಕೊಂಡೆ. ಹಿಂದಿನ ವಾರವೆಲ್ಲ ಕಲಬುರಗಿಯ ದವಾಖಾನೆಯಲ್ಲಿ ಕೆಮ್ಮುವ ಮಕ್ಕಳ ನಡುವೆ ಓಡಾಡಿದ್ದು ನೆನಪಾಗದೆ ಇರಲಿಲ್ಲ. ಆದರೂ ಧೂಳೇ ಇರಲಿ ಎಂದು ಮನಸ್ಸು ಹಟ ಹಿಡಿಯಿತು.

ಅಫಜಲಪುರದ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳಿತು. ದವಾಖಾನೆಯ ಬಾಗಿಲಲ್ಲೇ ಒಂದು ಕೂಸಿನ ಉಸಿರು ಸಿಳ್ಳೆಯಂತೆ ಕೇಳಿಸಿತು. ಒಳಗೆ ಹೋಗಿ ನೋಡಿದರೆ ಪ್ರತಿ ಉಸಿರಿಗೂ ಪಕ್ಕೆ ಒಳಕ್ಕೆ ಎಳೆಯುತ್ತಿತ್ತು. ಮಗ್ಗುಲಲ್ಲಿ ಕೂತಿದ್ದ ಅಜ್ಜಿ ಕೇಳಿದಳು: “ನನಗ ಬರೇ ನೆಗಡಿ ಆಗಿತ್ರಿ. ಎರಡ ದಿನದಾಗ ಹೋತು. ಅದೇ ನೆಗಡಿ ಕೂಸಿಗ್ಯಾಕ ಹಿಂಗ ಮಾಡ್ತದರಿ?”

“ಈ ವೈರಸ್ಸಿನ್ಯಾಗ ಎರಡು ಜೀನು ಅವ ಅಮ್ಮಾ. ಮೈಯಾಗಿನ ಕಾವಲುಗಾರ ‘ಕಳ್ಳ ಬಂದ’ ಅಂತ ಕೂಗೂದರಾಗ ಅವನ ಬಾಯಿ ಮುಚ್ಚತಾವ. ನಿಮ್ಮ ಮೈಗೆ ಈ ಕಳ್ಳನ ಹಳೇ ಗುರುತು ಅದ. ಕೂಸಿಗೆ ಇಲ್ಲ.”

“ಆ ಜೀನು ಕಿತ್ತ ಒಗೀಲಿಕ್ಕೆ ಬರಂಗಿಲ್ಲೇನ್ರಿ?”

“ಅದೇ ಮಾಡಾಕತ್ತಾರ್ರಿ. ಆ ಜೀನು ತೆಗೆದು ಸೊರಗಿಸಿದ ವೈರಸ್ಸನ್ನ ಲಸಿಕೆ ಮಾಡಬೇಕಂತ ನೋಡಾಕತ್ತಾರ.”

ಗರ್ಭಿಣಿಗೆ ಕೊಟ್ಟು ಕೂಸನ್ನು ಕಾಯುವ ಇನ್ನೊಂದು ಲಸಿಕೆ ಲೋಕದಲ್ಲಿ ಆಗಲೇ ಬಂದಿದೆ. ವೈರಸ್ಸು ಜೀವಕೋಶಕ್ಕೆ ಅಂಟಿ ಒಳನುಗ್ಗಲು ಬಳಸುವ ಭಾಗವನ್ನೇ ಅದು ಮೈಗೆ ಗುರುತು ಹಿಡಿಸುತ್ತದೆ. ಆ ಭಾಗವನ್ನು ರೂಪಿಸುವ ಜೀನು ಬದಲಾದರೆ ಲಸಿಕೆಯೂ ಬದಲಾಗಬೇಕು. ಅದಕ್ಕೇ ನಮಗೆ ಊರೂರಿನ ಸಿಂಬಳ ಬೇಕು. ಆದರೆ ತಮ್ಮನ ಹೆಂಡತಿ ರೇಖಾಗೆ ಆ ಲಸಿಕೆ ಸಿಕ್ಕಿರಲಿಲ್ಲ. ಜೇವರ್ಗಿ ಬಸ್ಸು ಹತ್ತಿದಾಗ ನನ್ನ ಮೂಗು ಸೋರತೊಡಗಿತ್ತು. ಇನ್ನು ತಪ್ಪನ್ನು ಧೂಳಿನ ಮೇಲೆ ಹಾಕುವಂತಿರಲಿಲ್ಲ. ನನ್ನ ಮೂಗಿನಿಂದಲೂ ಒಂದು ಮಾದರಿ ತೆಗೆದು ಪೆಟ್ಟಿಗೆಗೆ ಹಾಕಿಕೊಂಡೆ.

ಜೇವರ್ಗಿ ದವಾಖಾನೆಯ ಕೆಲಸ ಮುಗಿಸಿ ಮನೆ ಮುಟ್ಟಿದಾಗ ತೊಟ್ಟಿಲು ಸಿಂಗಾರಗೊಂಡಿತ್ತು. ಅವ್ವ ಆರತಿ ಹಿಡಿದು ನಿಂತಿದ್ದಳು. ನಾನು ಮಾಸ್ಕ್ ಹಾಕಿಕೊಂಡು ಅಂಗಳದಲ್ಲೇ ನಿಂತೆ. “ನಾ ಒಳಗ ಬರಂಗಿಲ್ಲ. ನೆಗಡಿ ಆಗ್ಯದ.”

“ನೆಗಡಿಗೆ ಯಾರ್ ಹೆದರ್ತಾರ ಬೇ? ಸೋದರತ್ತಿ ಇಲ್ದ ಹೆಸರಿಡ್ತಾರೇನು?” ಎಂದು ಅವ್ವ ಗದರಿದಳು.

ಶರಣುವಿನ ಮುಖ ಇಳಿಯಿತು. “ಊರ ಮಂದಿ ಮಕ್ಕಳ ಮೂಗು ಮುಟ್ಟಿ ಬಂದಿ. ನನ್ ಮಗಳ ಕಿವಿ ಮುಟ್ಟಾಕ ಆಗಂಗಿಲ್ಲೇನಕ್ಕಾ?”

ಆ ಮಾತು ಚುಚ್ಚಿತು. ‘ಕಿವಿಯ ಪಕ್ಕದಲ್ಲೇ ಮೂಗು, ಶರಣೂ’ ಎಂದು ಹೇಳಬೇಕಿತ್ತು, ಮಾಸ್ಕನ್ನು ಮೂಗಿನ ಮೇಲೆ ಒತ್ತಿಕೊಂಡೆ. ನೆರೆದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ರೇಖಾ ಕೂಸನ್ನು ಎತ್ತಿಕೊಂಡು ಒಳಗಿನ ಗೋಡೆಯ ಹತ್ತಿರ ನಿಂತಳು. “ಅಕ್ಕಾ, ನೀವ್ ಅಲ್ಲಿಂದನ ಜೋರಾಗಿ ಹೇಳ್ರಿ. ನಾ ಅಕಿ ಕಿವ್ಯಾಗ ಹೇಳ್ತೇನಿ.”

ಕುಲಾವಿಯನ್ನು ಚೀಲದಿಂದ ತೆಗೆಯಲೇ ಇಲ್ಲ. ಉಸಿರು ತುಂಬಿಕೊಂಡು, “ಕುರ್ರ್‌ರ್... ಭೀಮಾ!” ಎಂದು ಕೂಗಿದೆ. ಕಿವಿಯಲ್ಲಿ ಗುಟ್ಟಾಗಿ ಬೀಳಬೇಕಾದ ಹೆಸರು ಇಡೀ ಓಣಿಗೆ ಕೇಳಿತು. ಎದುರು ಮನೆಯವರೂ ಹೊರಗೆ ಬಂದರು. ಹೆಂಗಸರು ಗುದ್ದಲು ನನ್ನತ್ತ ಬರುತ್ತಿದ್ದಂತೆ, “ಬ್ಯಾಡ್ರಿ, ದೂರ ಇರ್ರಿ!” ಎಂದೆ. ಎತ್ತಿದ ಕೈ ಸುಮ್ಮನೆ ಇಳಿಸುವುದುಂಟೇ? ಎಲ್ಲರೂ ಕೂಡಿ ಶರಣುವಿನ ಬೆನ್ನಿಗೆ ಗುದ್ದಿದರು. ಅವನು ಗುದ್ದು ತಿಂದ, ನಗಲಿಲ್ಲ. ನನ್ನನ್ನು ಬಸ್ ಸ್ಟ್ಯಾಂಡಿಗೆ ಬಿಡಲೂ ಬರಲಿಲ್ಲ. ಬಸ್ಸು ಕೂಸಿಗೆ ಹೆಸರು ಕೊಟ್ಟ ಭೀಮಾ ಹೊಳೆಯ ಸೇತುವೆ ದಾಟುವಾಗ ತಿರುಗಿ ನೋಡಿದೆ. ಊರು ಕಾಣಿಸಲಿಲ್ಲ. ನನಗೆ ಬಹಳ ದುಃಖವಾಯಿತು.

ಮರುದಿನ ಪ್ರಯೋಗಾಲಯದಲ್ಲಿ ನನ್ನ ಮಾದರಿಯನ್ನೂ ಪರೀಕ್ಷೆಗೆ ಹಚ್ಚಿದೆವು. ಅದೇ ವೈರಸ್ಸು. ಶರಣುವಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ.

“ಅಕ್ಕಾ, ಕೂಸು ಮಲಗ್ಯದ. ತಡಿ, ಅಕಿ ಉಸಿರು ಕೇಳಸ್ತೇನಿ” ಎಂದು ಫೋನನ್ನು ತೊಟ್ಟಿಲೊಳಗೆ ಇಟ್ಟ.

ಕಿವಿಗೊಟ್ಟು ಕೇಳಿದೆ. ಅಫಜಲಪುರದ ಸಿಳ್ಳೆಯಂಥದ್ದು ಏನೂ ಕೇಳಿಸಲಿಲ್ಲ. ನೆಟ್ಟಗಿರುವ ಕೂಸಿನ ಉಸಿರು ಫೋನಿನಲ್ಲಿ ಕೇಳಿಸುವುದಿಲ್ಲ.